ಹನ್ನೆರಡು ಕುಂಡಕ್ಕೂ ಸಮಪಾಲು

ಇವತ್ತು ಮಾಡಿದ ಕೆಲಸ: ಐದೂಕಾಲಿಗೆ ಎದ್ದು ಹಾಲಿನ ಪ್ಯಾಕೆಟ್ ಒಳಗೆ ತಂದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಧನುರ್ಮಾಸವಾದ್ದರಿಂದ ಹುಗ್ಗಿಗೆ ಹೆಸರುಬೇಳೆ ಹುರಿದೆ. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದೆ. ಮಗಳ ಕಾಲೇಜಿನ ಡಬ್ಬಿಗೆ ಚಿತ್ರಾನ್ನ ಹಾಕಿದೆ. ಗೀಸರ್ ರಿಪೇರಿಯವನಿಗೆ ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ "ದಾರೀಲಿದೀನಿ ಮೇಡಂ" ಅಂದ. ಹತ್ತು ಗಂಟೆಗೆ ನಾಲ್ಕನೇ ಬ್ಲಾಕಿಗೆ ಹೋಗಿ ಅವರೆಕಾಯಿ, ಕರಿಬೇವು, ದೀಪದ ಬತ್ತಿ ತಂದೆ. ಒಂದು ಮೊಳ ಮಲ್ಲಿಗೆಯನ್ನೂ ತಂದೆ.

ಈ ಚಳಿಯಲ್ಲಿ ಮಲ್ಲಿಗೆ ಸಿಗುವುದಿಲ್ಲ. ಸಿಗುವುದು ಕಾಕಡ, ನೋಡಲು ಬೆಳ್ಳಗೆ, ಮೂಸಿದರೆ ಏನೂ ಇಲ್ಲ. ಅಲ್ಲಿನ ಶಾಪಿಂಗ್ ಕಾಂಪ್ಲೆಕ್ಸಿನ ಹಿಂದೆ ಕೂರುವ ಹೂವಿನವಳು ಬುಟ್ಟಿಯ ಒದ್ದೆ ಬಟ್ಟೆ ಸರಿಸಿ, "ಕಾಕಡ ಅಲ್ಲ ಅಕ್ಕ, ಒರಿಜಿನಲ್ಲು. ಮೊದ್ಲು ಮೂಸಿ, ಆಮೇಲೆ ಚೌಕಾಸಿ ಮಾಡಿ" ಅಂದಳು. ಮೂಸಿದೆ. ಆ ವಾಸನೆ... ಎಲ್ಲಿಂದ ಬರತ್ತಮ್ಮಾ ಇದು ಅಂತ ಕೇಳಿದೆ. "ತಮಿಳ್ನಾಡು ಕಡೆಯಿಂದ. ಏನೋ ಹೊಸ ಗಿಡ ಬಂದಿದೆಯಂತೆ, ಚಳೀಲೂ ಬಿಡತ್ತಂತೆ" ಅಂದಳು. ನಾನು ಫುಟ್‌ಪಾತಿನ ಮೇಲೆ ಚೀಲ ಹಿಡಿದು ನಿಂತುಬಿಟ್ಟೆ. ಹಿಂದಿನಿಂದ ಯಾರೋ "ಆಂಟಿ, ಸ್ವಲ್ಪ ದಾರಿ ಬಿಡ್ತೀರಾ" ಅಂದ ಮೇಲೆ ಕಾಲು ಕಿತ್ತೆ.

ಹತ್ತು ಹನ್ನೊಂದು ವರ್ಷದ ಹಿಂದೆ ಒಂಬತ್ತನೇ ಬ್ಲಾಕಿನ ನಮ್ಮ ಮನೆಯ ಮಹಡಿಯ ಮೇಲೆ ಒಬ್ಬರು ಅಕ್ಕ ಬಾಡಿಗೆಗೆ ಇದ್ದರು. ಧಾರವಾಡದ ಕಡೆಯವರು. ಮದುವೆಯಾಗಿರಲಿಲ್ಲ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಅದಕ್ಕೆ ನಾನು ಅಕ್ಕ ಅನ್ನುತ್ತಿದ್ದೆ. ಅವರು ನನ್ನನ್ನು ವೈನಿ ಅನ್ನುತ್ತಿದ್ದರು. ಅವರ ಕಡೆ ಅತ್ತಿಗೆಯನ್ನು ಹಾಗೆ ಕರೆಯುತ್ತಾರಂತೆ.

ಊರಿನ ಇನ್ನೊಂದು ತುದಿಯಲ್ಲಿ ಸರ್ಕಾರದ್ದೊಂದು ಹೂವಿನ ಸಂಶೋಧನಾ ತೋಟ ಇತ್ತು. ಅಕ್ಕ ಎರಡು ಬಸ್ ಬದಲಾಯಿಸಿ ಅಲ್ಲಿಗೆ ಹೋಗುತ್ತಿದ್ದರು. ಕೆಲಸ ಕಾಯಂ ಅಲ್ಲ. ದಿಲ್ಲಿಯಿಂದ ಮೂರು ವರ್ಷಕ್ಕೆ ಅಂತ ಹಣ ಮಂಜೂರಾಗಿದ್ದ ಒಂದು ಯೋಜನೆ, ಹಣ ಇರುವವರೆಗೆ ಅಕ್ಕನೂ ಇರಬಹುದು, ಅಷ್ಟೇ. ಚಳಿಗಾಲದಲ್ಲೂ ಬಿಡುವ, ವಾಸನೆಯೂ ಇರುವ ಮಲ್ಲಿಗೆ ಗಿಡ ಮಾಡುವುದು ಆ ಯೋಜನೆ. ಸಣ್ಣ ಕುಂಚದಿಂದ ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಸವರಿ, ಬಂದ ನೂರಾರು ಸಸಿಯಲ್ಲಿ ಒಂದನ್ನು ಆರಿಸಿದ್ದರು. ಆ ಒಂದರ ಮೇಲೆ ಅವರಿಗೆ ಆಸೆ.

ದುಡ್ಡು ಪ್ರತಿ ವರ್ಷವೂ ಮಾರ್ಚಿಯಲ್ಲೇ ಬರುತ್ತಿತ್ತು. ಮಾರ್ಚಿ ಮುಗಿಯುವುದರೊಳಗೆ ಖರ್ಚು ತೋರಿಸಬೇಕು, ಇಲ್ಲದಿದ್ದರೆ ವಾಪಸ್ಸು. "ಗಿಡಕ್ಕ ಮಾರ್ಚ್ ಗೊತ್ತಿಲ್ರಿ ವೈನಿ, ಸರ್ಕಾರಕ್ಕ ಮಾರ್ಚ್ ಬಿಟ್ರ ಬ್ಯಾರೆ ತಿಂಗಳಾ ಗೊತ್ತಿಲ್ಲ" ಅಂತ ನಗುತ್ತಿದ್ದರು. ಒಂದು ವರ್ಷ ಆ ಅವಸರದಲ್ಲಿ ಎರಡು ಕಂಪ್ಯೂಟರ್ ಬಂದವಂತೆ. ಪ್ಲಗ್ ಪಾಯಿಂಟ್ ಹಾಕಿಸಲು ಬೇರೆ ಮಂಜೂರಾತಿ ಬೇಕು, ಅದು ಬರಲಿಲ್ಲ. ಅವು ಬೆಡ್‌ಶೀಟ್ ಹೊದ್ದುಕೊಂಡೇ ಕೂತವು. ಮೂರನೇ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ತೋಟದ ಬೋರ್‌ವೆಲ್ ಮೋಟಾರು ಸುಟ್ಟುಹೋಯಿತು. ರಿಪೇರಿಯ ಫೈಲು ಮೇಲಕ್ಕೆ ಹೋಯಿತು, ಗಿಡಗಳು ಒಣಗುತ್ತ ಹೋದವು. ಉಳಿದವನ್ನು ಅಕ್ಕ ಹನ್ನೆರಡು ಮಣ್ಣಿನ ಕುಂಡಕ್ಕೆ ಹಾಕಿ, ತಾವೇ ಟೆಂಪೋ ಮಾಡಿಕೊಂಡು ನಮ್ಮ ತಾರಸಿಗೆ ತಂದರು.

ಹನ್ನೆರಡರಲ್ಲಿ ಮೂರು ಆ ಹೊಸ ಗಿಡದ ಕಡ್ಡಿಯಿಂದ ಬೆಳೆಸಿದವು, ಒಂಬತ್ತು ಹಳೆಯ ಜಾತಿಯವು. ಕುಂಡದ ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ನಂಬರ್ ಬರೆದಿದ್ದರು. ಯಾವುದು ಎಲ್ಲಿ ಕೂರಬೇಕು ಅಂತ ಚೀಟಿ ಎತ್ತಿ ನಿರ್ಧಾರ ಮಾಡಿದರು, ನಮ್ಮ ಮಗಳಿಗೆ ಆಗ ಐದು ವರ್ಷ, ಅವಳ ಕೈಯಲ್ಲೇ ಎತ್ತಿಸಿದರು. ಹೊಸ ಮೂರು ಯಾವ ನಂಬರಿನವು ಅಂತ ನಾನು ಕೇಳಿದಾಗ ಹೇಳಲಿಲ್ಲ. "ಹೇಳಿದ್ರ ನಿಮ್ಮ ಕಣ್ಣ ಅತ್ಲಾಗ ಹೋಗ್ತದ್ರಿ. ಗಿಡಾ ಹೇಳ್ಲಿ ಬಿಡ್ರಿ."

ನಮ್ಮ ಮನೆಯವರು "ನಮ್ ತೆರಿಗೆ ದುಡ್ಡು ನಮ್ ತಾರಸೀಲೇ ಅರಳ್ತಾ ಇದೆ, ಪುಣ್ಯ" ಅಂತ ತಮಾಷೆ ಮಾಡುತ್ತಿದ್ದರು. ಅತ್ತೆಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ. "ಹೂ ಎಣಿಸೋಕೆ ಸಂಬಳ ಕೊಡತ್ತೇನೇ ಸರ್ಕಾರ? ನಾನು ನಲವತ್ತು ವರ್ಷದಿಂದ ಎಣಿಸಿ ಎಣಿಸಿ ಕಟ್ತಾ ಇದೀನಿ, ನನಗ್ಯಾರು ಕೊಟ್ರು?" ಅಕ್ಕ ಕೈಮುಗಿದು ಅವರಿಗೊಂದು ಮಾತು ಹೇಳಿದ್ದರು: ಈ ಗಿಡದ ಹೂ ಕೀಳಬೇಡಿ, ಎಣಿಸಿದ ಮೇಲೆ ನಾನೇ ತಂದುಕೊಡುತ್ತೇನೆ. ಅತ್ತೆ ಹೂಂ ಅಂದಿದ್ದರು. ಮಾಘ ಕಳೆದ ಮೇಲೆ ದಿಲ್ಲಿಯಿಂದ ಕಮಿಟಿ ಬರುವುದಿತ್ತು. ಚಳಿಯ ತಿಂಗಳಲ್ಲಿ ಯಾವ ಕುಂಡದಲ್ಲಿ ಎಷ್ಟು ಹೂ ಬಿಟ್ಟಿತು ಅನ್ನುವ ಪುಸ್ತಕ ನೋಡಿ, ಯೋಜನೆಗೆ ಇನ್ನೂ ಐದು ವರ್ಷ ಹಣ ಕೊಡುವುದೋ ಬಿಡುವುದೋ ಹೇಳುತ್ತಾರೆ. ಕೊಟ್ಟರೆ ಅಕ್ಕನಿಗೆ ಕೆಲಸ, ಗಿಡಕ್ಕೆ ತೋಟ. ಇಲ್ಲದಿದ್ದರೆ ಎರಡೂ ಇಲ್ಲ.

ಧನುರ್ಮಾಸ ಹುಟ್ಟಿದ ಎರಡನೇ ದಿನ ನಮ್ಮ ಫೋನಿಗೆ ಅಕ್ಕನ ಊರಿಂದ ಕರೆ ಬಂತು. ಅವರ ತಂದೆ ಬಚ್ಚಲಲ್ಲಿ ಬಿದ್ದಿದ್ದರು, ಒಂದು ಕಡೆ ಸ್ವಾಧೀನ ಹೋಗಿತ್ತು. ಕುಂಡಕ್ಕೆ ಬಂದು ಗಿಡಗಳು ಆಗಷ್ಟೇ ಬೇರು ಕಚ್ಚಿದ್ದವು, ಎಲೆಯ ಮರೆಯಲ್ಲಿ ಮೊಗ್ಗು ಬಲಿಯುತ್ತಿತ್ತು. ಅಕ್ಕ ಬ್ಯಾಗು ಹೆಗಲಿಗೆ ಹಾಕಿಕೊಂಡು ನನ್ನ ಅಡುಗೆಮನೆ ಬಾಗಿಲಲ್ಲಿ ನಿಂತರು. ಕೈಯಲ್ಲಿ ಉದ್ದನೆಯ ನೋಟ್‌ಬುಕ್ಕು, ಹನ್ನೆರಡು ಗೆರೆ ಎಳೆದು ತಯಾರು ಮಾಡಿದ್ದು.

"ಮುಂಜಾನೆ ಆರಕ್ಕ ಹೋಗಿ, ಎಣಿಸಿ, ಬರದಬಿಡ್ರಿ. ಸೊನ್ನಿ ಇದ್ರ ಸೊನ್ನಿನ ಬರೀರಿ ವೈನಿ. ಸೊನ್ನಿ ಬರಿಯಾಕ ಅಂಜಬ್ಯಾಡ್ರಿ. ನನಗ ಸೊನ್ನಿನೂ ಬೇಕು."

ಮಾರನೇ ದಿನ ಆರೂ ಹತ್ತಕ್ಕೆ ಮೇಲೆ ಹೋದೆ. ಹನ್ನೆರಡು ಕುಂಡದಲ್ಲೂ ಒಂದೇ ಒಂದು ಹೂವಿಲ್ಲ. ಕೆಳಗಿಳಿದು ಬಂದರೆ ದೇವರ ಮನೆಯೆಲ್ಲ ಘಮ್ ಅನ್ನುತ್ತಿತ್ತು. ಅತ್ತೆ ನಾಲ್ಕೂವರೆಗೇ ಸ್ನಾನ ಮಾಡಿ, ಟಾರ್ಚ್ ಹಿಡಿದು ಮೇಲೆ ಹೋಗಿ, ಬಿಡಿಸಿಕೊಂಡು ಬಂದಿದ್ದರು. "ಈ ಚಳೀಲಿ ಮಲ್ಲಿಗೆ ಕಣೇ! ದೇವರು ತಾನಾಗಿ ತರಿಸ್ಕೊಂಡಿದಾನೆ" ಅಂದರು. ಕಣ್ಣಲ್ಲಿ ನೀರಿತ್ತು. ಅಕ್ಕ ಬೇಡ ಅಂದಿದ್ದರಲ್ಲ ಅಂದೆ. "ಅವಳು ಎಣಿಸಿ ಆದ್ಮೇಲೆ ಕೊಡ್ತೀನಿ ಅಂದಿದ್ಲು. ಈಗ ಅವಳೇ ಇಲ್ವಲ್ಲ. ದೇವರಿಗೆ ಹಾಕ್ಬೇಡಿ ಅಂತ ಹೇಳೋಳಾ ನೀನು?" ಮದುವೆಯಾಗಿ ಏಳು ವರ್ಷವಾಗಿತ್ತು. ಹಾಗೆ ಹೇಳುವವಳು ನಾನಾಗಿರಲಿಲ್ಲ.

ಅತ್ತೆ ಕಾಫಿಗೆ ಕೂತಾಗ ದೇವರ ಮನೆಗೆ ಹೋಗಿ ಪಟಗಳ ಮೇಲಿನ ಹೂ ಎಣಿಸಿದೆ. ಮೂವತ್ತೇಳು. ಯಾವ ಕುಂಡದ್ದು ಎಷ್ಟು ಅಂತ ಯಾವ ದೇವರು ಹೇಳಬೇಕು? ಹನ್ನೆರಡು ಕುಂಡಕ್ಕೆ ಮೂರು ಮೂರರಂತೆ ಹಾಕಿದೆ. ಮಿಕ್ಕ ಒಂದನ್ನು ಒಂದನೇ ನಂಬರಿಗೆ ಸೇರಿಸಿದೆ. ಮಾರನೇ ದಿನ ಮಿಕ್ಕಿದ್ದನ್ನು ಎರಡನೆಯದಕ್ಕೆ, ಆಮೇಲೆ ಮೂರನೆಯದಕ್ಕೆ, ಸರದಿಯ ಮೇಲೆ. ಅಕ್ಕ ಅಷ್ಟು ಕಷ್ಟಪಟ್ಟು ಬೆಳೆಸಿದ ಗಿಡ, ಒಂದಕ್ಕೆ ಕೊಟ್ಟು ಒಂದಕ್ಕೆ ಬಿಡಲು ಮನಸ್ಸು ಬರಲಿಲ್ಲ. ನಮ್ಮಮ್ಮ ನನಗೆ ಬಡಿಸುವುದನ್ನು ಕಲಿಸಿದ್ದು ಹಾಗೆ. ಒಬ್ಬರ ಎಲೆಗೆ ಎರಡು ಹೋಳಿಗೆ, ಪಕ್ಕದವರ ಎಲೆಗೆ ಒಂದು ಹಾಕಿದರೆ ಪಂಕ್ತಿಭೇದ, ಅದರಂಥ ಪಾಪ ಇನ್ನೊಂದಿಲ್ಲ ಅನ್ನುತ್ತಿದ್ದಳು. ಸೊನ್ನೆಯನ್ನಂತೂ ಯಾವ ಎಲೆಗೂ ಹಾಕಲಿಲ್ಲ.

ಹಿಂದಿನ ದಿನ ಸಂಜೆಯೇ ಹೋಗಿ ಮೊಗ್ಗು ಎಣಿಸಬಹುದಿತ್ತು. ಆಗ ಹೊಳೆಯಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಸಂಜೆ ಟೀವಿಯಲ್ಲಿ ಧಾರಾವಾಹಿ ಬರುತ್ತಿತ್ತು.

ಒಂದು ದಿನ ಅಕ್ಕ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರು. ತಂದೆಯ ವಿಷಯ ಎರಡು ಮಾತು ಹೇಳಿ, "ಹೂ ಬಿಟ್ಟಾವೇನ್ರಿ?" ಅಂದರು. ಬಿಟ್ಟಿವೆ ಅಕ್ಕ, ದಿನಾ ಬರೀತಾ ಇದೀನಿ ಅಂದೆ. "ಯಾವ ಕುಂಡ ಅಂತ ಹೇಳಬ್ಯಾಡ್ರಿ ಮತ್ತ. ನಾ ಬಂದ ನೋಡ್ತೀನಿ. ಅದೊಂದ ಉಳದದ ನನಗ" ಅಂದರು.

ತಂದೆ ಹೋದರು. ಕರ್ಮಾಂತರ ಮುಗಿಸಿಕೊಂಡು ಅಕ್ಕ ವಾಪಸ್ಸು ಬರುವಾಗ ಚಳಿ ಒಡೆದಿತ್ತು. ನನಗಾಗಿ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ತಂದಿದ್ದರು, ಆ ಸಂಕಟದಲ್ಲೂ ಕುಟ್ಟಿ ತಂದಿದ್ದು. ನಮ್ಮ ನಡುಮನೆಯಲ್ಲಿ ಕೂತು, ನೀರು ಕುಡಿದು, ಪುಸ್ತಕ ಬಿಚ್ಚಿದರು. ಹಾಳೆ ತಿರುಗಿಸಿದರು. ಮತ್ತೆ ಮೊದಲಿಂದ ತಿರುಗಿಸಿದರು.

"ಎಲ್ಲಾ ಒಂದ ಸಮ ಅದಾವಲ್ರಿ."

"ಹೂಂ ಅಕ್ಕ, ಒಂದೂ ಮೋಸ ಮಾಡ್ಲಿಲ್ಲ. ಎಲ್ಲಾ ಬಿಡ್ತು." ಒಳ್ಳೆಯ ಸುದ್ದಿ ಹೇಳುತ್ತಿದ್ದೇನೆ ಅಂತಲೇ ನಾನು ಅಂದುಕೊಂಡಿದ್ದೆ.

"ಹಳೀ ಗಿಡಾನೂ ಚಳಿಯೊಳಗ ಬಿಟ್ಟಾವ ಅಂದ್ರ..." ಅಂತ ನಿಲ್ಲಿಸಿದರು. ಬೆರಳಿನಿಂದ ಏಳನೇ ಗೆರೆಯನ್ನು ಮೇಲಿಂದ ಕೆಳಗೆ ಸವರಿದರು. ನನ್ನ ಮುಖ ನೋಡಿದರು. "ನಿಮ್ಮ ಕೈಯಾಗ ತಪ್ಪಾಗಂಗಿಲ್ಲ. ತಾರಸಿ ಬಿಸಲಿನ ಗುಣಾ ಇರಬೇಕು. ನನ್ನ ಗಿಡದಾಗೇನ ವಿಶೇಷ ಇಲ್ಲ."

ಅವರ ಮೇಲಿನ ಸಾಹೇಬರು ಪುಸ್ತಕ ನೋಡಿ, "ಸ್ವಲ್ಪ ಅಡ್ಜಸ್ಟ್ ಮಾಡಿಬಿಡಿ, ಯಾರಿಗೆ ಗೊತ್ತಾಗತ್ತೆ? ಹಳೇದಕ್ಕೆಲ್ಲ ಸೊನ್ನೆ ಹಾಕಿ" ಅಂದರಂತೆ. ಅಕ್ಕ ಆಗುವುದಿಲ್ಲ ಅಂದು ಬಂದರಂತೆ. ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚುತ್ತ ನನಗೆ ಹೇಳಿದರು. "ಒಬ್ಬಾಕಿ ಹೆಣ್ಮಗಳು ಒಂದು ತಿಂಗಳ ಚಳಿಯೊಳಗ ನಿಂತ ಬರದಾಳ, ಅದನ್ನ ನಾ ಅಳಿಸಲೇನ್ರಿ?" ಸಾಹೇಬರು ಹೇಳಿದ ಸುಳ್ಳು ನಿಜವಾಗಿತ್ತು, ಅಕ್ಕ ಕಾಪಾಡಿದ ನಿಜ ಸುಳ್ಳಾಗಿತ್ತು. ನನಗೇ ಆಗ ಅದು ಗೊತ್ತಿರಲಿಲ್ಲ. ನನ್ನದು ಅಂದಾಜು, ಹೆಚ್ಚು ಕಡಿಮೆ ಸರಿಯಿರಬಹುದು ಅಂದುಕೊಂಡಿದ್ದೆ.

ಕಮಿಟಿಯವರು ಮೂರು ಜನ ಬಂದರು. ಅಷ್ಟು ಹೊತ್ತಿಗೆ ಬಿಸಿಲು ಏರಿ ಹನ್ನೆರಡು ಕುಂಡದಲ್ಲೂ ಬೇಸಿಗೆಯ ಮೊಗ್ಗು ಕಟ್ಟಿತ್ತು, ನೋಡಿ ಹೇಳುವಂಥದ್ದೇನೂ ಇರಲಿಲ್ಲ. ನಾನು ಅವರೆಕಾಳಿನ ಉಪ್ಪಿಟ್ಟು, ಕಾಫಿ ಮಾಡಿ ತಾರಸಿಗೇ ಒಯ್ದೆ. ಅವರಲ್ಲಿ ಹಿರಿಯರೊಬ್ಬರು ಕನ್ನಡದವರು, ಕೋಟಿನ ಜೇಬಿನಲ್ಲಿ ಎರಡು ಪೆನ್ನು. ಪುಸ್ತಕವನ್ನು ಬಹಳ ಹೊತ್ತು ನೋಡಿದರು.

"ಬರವಣಿಗೆ ಮುತ್ತಿನ ಹಾಗಿದೆ. ಲೆಕ್ಕವೂ ಮುತ್ತಿನ ಹಾಗೇ ಇದೆ. ಅದೇ ನನಗೆ ಅನುಮಾನ" ಅಂದರು. "ಗಿಡ ಇಷ್ಟು ಶಿಸ್ತಾಗಿ ಬಿಡಲ್ಲ ಮೇಡಂ. ಇದು ನಿಜವಾಗಿ ಎಣಿಸಿದ್ದಾ?"

"ನನ್ನ ಮ್ಯಾಲೆ ನಂಬಿಕಿ ಇಲ್ಲಂದ್ರ ಬಿಡ್ರಿ ಸರ್. ಇವರ ಮ್ಯಾಲೆ ಅನುಮಾನ ಮಾಡಬ್ಯಾಡ್ರಿ" ಅಂದರು ಅಕ್ಕ.

ಅವರು ಕನ್ನಡಕ ಇಳಿಸಿ ನನ್ನ ಕಡೆ ತಿರುಗಿದರು. "ನೀವೇ ದಿನಾ ಬಂದು, ಕುಂಡ ಕುಂಡ ನೋಡಿ ಎಣಿಸಿದ್ರೇನಮ್ಮಾ?"

ಕೈಯಲ್ಲಿ ಕಾಫಿ ತಟ್ಟೆ. ಕೆಳಗಿನಿಂದ ಅತ್ತೆ ಕೆಮ್ಮುವುದು ಕೇಳಿಸುತ್ತಿತ್ತು.

"ಹೂಂ ಸಾರ್."

"ಹಾಗಾದ್ರೆ ಸರಿ" ಅಂತ ಪುಸ್ತಕ ಮುಚ್ಚಿದರು. "ಹೊಸದೂ ಹಳೇದೂ ಒಂದೇ ಅಂತ ಆಯ್ತು." ಇನ್ನೊಂದು ಲೋಟ ಕಾಫಿ ಕೇಳಿ ಕುಡಿದರು.

ಆವತ್ತು ಸಂಜೆ ನಾನೂ ಅತ್ತೆಯೂ ಎದುರುಬದುರು ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆವು. ಮಧ್ಯದಲ್ಲಿ ಅತ್ತೆ ಅಂದರು, "ಅಲ್ಲ ಕಣೇ, ಅಷ್ಟೊಂದು ಓದಿರೋರು, ಹನ್ನೆರಡೂ ಒಂದೇ ಅಂತ ಹೇಗಂದ್ರು? ಟ್ಯಾಂಕ್ ಪಕ್ಕದ್ದು, ಬಟ್ಟೆ ತಂತಿ ಕೆಳಗಿಂದು, ಮೆಟ್ಟಿಲ ಬಾಯಲ್ಲಿರೋದು, ಮೂರೇ ಬಿಡ್ತಾ ಇದ್ದಿದ್ದು. ಮಿಕ್ಕಿದ್ದೆಲ್ಲ ಬರೀ ಎಲೆ. ಟಾರ್ಚ್ ಹಿಡಿದು ನೋಡಿದೋಳು ನಾನು, ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?"

ಒಣಗಿದ ಬಟ್ಟೆ ತರುವ ನೆಪದಲ್ಲಿ ಮೇಲೆ ಹೋದೆ. ಕುಂಡದ ಮೇಲಿನ ನಂಬರ್ ನೋಡಿದೆ. ಟ್ಯಾಂಕ್ ಪಕ್ಕದ್ದು ಎರಡು. ತಂತಿಯ ಕೆಳಗಿನದು ಏಳು. ಮೆಟ್ಟಿಲ ಹತ್ತಿರದ್ದು ಹನ್ನೊಂದು. ಕಮಿಟಿಯವರ ಎದುರು ಅಕ್ಕ ಬಾಯಿಬಿಟ್ಟು ಹೇಳಿದ್ದ ಹೊಸ ಗಿಡಗಳು ಅವೇ. ಎರಡು, ಏಳು, ಹನ್ನೊಂದು.

ವರದಿಗೆ ಸಹಿ ಬೀಳುವುದು ಮುಂದಿನ ವಾರ ಅಂತ ಅಕ್ಕ ಹೇಳಿದ್ದರು. ಅಂದರೆ ನನಗೆ ಏಳು ದಿನ ಇತ್ತು. ಹದಿನೆಂಟು ಮೆಟ್ಟಿಲು ಹತ್ತಿ ಹೇಳಬೇಕಾಗಿದ್ದು ಒಂದೇ ಮಾತು. ಮೊದಲ ದಿನ ಇಡ್ಲಿಗೆ ರುಬ್ಬುವುದಿತ್ತು. ಎರಡನೇ ದಿನ ಗ್ಯಾಸ್ ಸಿಲಿಂಡರ್ ಬರುವುದಿತ್ತು. ಮೂರನೇ ದಿನ ಮಗಳಿಗೆ ಜ್ವರ. ನಾಲ್ಕನೇ ದಿನ ಹತ್ತು ಮೆಟ್ಟಿಲು ಹತ್ತಿದ್ದೆ... ಮೇಲಿನಿಂದ ಅಕ್ಕ "ಬರ್ರಿ ವೈನಿ, ಚಾ ಇಡ್ತೀನಿ" ಅಂದರು. ಬಟ್ಟೆ ಕ್ಲಿಪ್ಪು ಬಿದ್ದಿತ್ತಾ ನೋಡೋಕೆ ಬಂದೆ ಅಂದು ಇಳಿದುಬಿಟ್ಟೆ. ಅತ್ತೆಯ ಹೆಸರು ಹೊರಗೆ ಬರುತ್ತದೆ ಅನ್ನುವುದು ಒಂದು ಕಾರಣ. ಆದರೆ ನಿಜವಾದ ಕಾರಣ ಬೇರೆ. ನಿಮ್ಮ ಕೈಯಲ್ಲಿ ತಪ್ಪಾಗುವುದಿಲ್ಲ ಅಂತ ನನಗೆ ಯಾರೂ ಅಲ್ಲಿಯವರೆಗೆ ಅಂದಿರಲಿಲ್ಲ.

ಯೋಜನೆ ಮುಂದುವರಿಸುವುದಿಲ್ಲ ಅಂತ ಕಾಗದ ಬಂತು. ಅಕ್ಕ ಮನೆ ಖಾಲಿ ಮಾಡುವ ಮುಂಚೆ ತೋಟದಿಂದ ಒಂದು ಜೀಪು ಬಂತು. ಮಣ್ಣಿನ ಕುಂಡಗಳು ಸರ್ಕಾರದ ಸ್ಟಾಕ್ ಪುಸ್ತಕದಲ್ಲಿದ್ದವು, ಹನ್ನೆರಡೂ ವಾಪಸ್ಸು ಹೋಗಬೇಕು. ಗಿಡಗಳು ಪುಸ್ತಕದಲ್ಲಿರಲಿಲ್ಲ. ಬಂದ ಇಬ್ಬರು ಒಂದೊಂದೇ ಕುಂಡವನ್ನು ಬೋರಲು ಹಾಕಿ, ತಟ್ಟಿ, ಗಿಡವನ್ನು ಮಣ್ಣಿನ ಸಮೇತ ತಾರಸಿಯ ಮೇಲೆ ಕೆಡವಿ, ಖಾಲಿ ಕುಂಡ ಎಣಿಸಿ ಜೀಪಿಗೆ ಹಾಕಿಕೊಂಡರು. "ಸೈನ್ ಹಾಕಿ ಮೇಡಂ, ಹನ್ನೆರಡು" ಅಂದರು. ಅಕ್ಕ ಸಹಿ ಹಾಕಿದರು. ಬೇರು ಮೇಲಾಗಿ ಬಿದ್ದಿದ್ದ ಗಿಡಗಳನ್ನು ನೋಡಿ, "ಕಸದಾಕಿಗೆ ಕೊಟ್ಟಬಿಡ್ರಿ" ಅಂದರು. ಸಂಜೆ ಬಸ್ಸಿಗೆ ಹೊರಟರು. ಗೇಟಿನ ಹತ್ತಿರ ನನ್ನ ಎರಡೂ ಕೈ ಹಿಡಿದುಕೊಂಡು, ನೀವು ಮಾಡಿದ್ದನ್ನು ಮರೆಯುವುದಿಲ್ಲ ಅಂದರು.

ಏಳನೇ ನಂಬರಿನ ಕುಂಡದಿಂದ ಬಿದ್ದದ್ದು ಯಾವುದು ಅಂತ ನೋಡಿಟ್ಟುಕೊಂಡಿದ್ದೆ, ಆ ಗಿಡವನ್ನು ಎತ್ತಿ ಎಣ್ಣೆ ಟಿನ್ನಿಗೆ ನೆಟ್ಟೆ. ಮುಂದಿನ ಧನುರ್ಮಾಸದಲ್ಲಿ ಅದು ಬಿಟ್ಟಿತು. ಅತ್ತೆ ಏಳುವ ಮುಂಚೆ ನಾಲ್ಕು ಗಂಟೆಗೆ ಎದ್ದು ಎಣಿಸಿದೆ. ಒಂದು ದಿನ ಮೂವತ್ತೊಂದು. ಒಂದು ದಿನ ನಲವತ್ತು. ತೀರಾ ಮೋಡವಿದ್ದ ಒಂದು ದಿನ ಸೊನ್ನೆ. ಸೊನ್ನೆಯನ್ನೂ ಬರೆದೆ. ಕಮಿಟಿಯವರು ಅಲ್ಲೇ ಬಿಟ್ಟುಹೋಗಿದ್ದ ಅದೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ, ಪೂರ್ತಿ ತಿಂಗಳು, ಒಂದು ಅಂಕಿಯೂ ಸುಳ್ಳಿಲ್ಲದೆ. ಅದನ್ನು ಯಾರಿಗೂ ಕಳಿಸಲಿಲ್ಲ. ಎರಡು ವರ್ಷದ ಮೇಲೆ ಟ್ಯಾಂಕಿಗೆ ಸಿಮೆಂಟ್ ಬಳಿದ ಮೇಸ್ತ್ರಿ ಬಾಂಡಲಿ ತೊಳೆದ ನೀರನ್ನು ಆ ಟಿನ್ನಿಗೇ ಸುರಿದ. ವಾರದಲ್ಲಿ ಗಿಡ ಕಪ್ಪಾಯಿತು.

ನಾಲ್ಕು ವರ್ಷದ ಹಿಂದೆ ಅಕ್ಕ ಮತ್ತೆ ಸಿಕ್ಕರು. ಬಿಟಿಎಂ ಲೇಔಟಿನಲ್ಲಿ ಹೊಸದಾಗಿ ತೆರೆದಿದ್ದ ದೊಡ್ಡ ಅಂಗಡಿಯ ಬಾಗಿಲಲ್ಲಿ, ಹಸಿರು ಟೀಶರ್ಟು ಹಾಕಿಕೊಂಡು, ಪ್ಯಾಕೆಟ್ಟಿನ ಗೊಬ್ಬರದ ಸ್ಯಾಂಪಲ್ ಹಂಚುತ್ತಿದ್ದರು. ಕೂದಲು ಅರ್ಧ ಬೆಳ್ಳಗಾಗಿತ್ತು. "ವೈನಿ!" ಅಂತ ಕೂಗಿಕೊಂಡರು. ಅತ್ತೆ, ಮಗಳು, ಎಲ್ಲರನ್ನೂ ವಿಚಾರಿಸಿದರು. ನನ್ನ ಕೈಗೆ ಮೂರು ಸ್ಯಾಂಪಲ್ ತುರುಕಿದರು. ಆಮೇಲೆ ಸ್ವರ ತಗ್ಗಿಸಿ ಕೇಳಿದರು.

"ಆ ಗಿಡಾ ಯಾವುದರ ಉಳೀತೇನ್ರಿ? ಆಮ್ಯಾಲೆ ಚಳಿಯೊಳಗ ಎಂದರ ಬಿಟ್ಟಿತ್ತೇನು?"

ಹೌದು ಅಂದಿದ್ದರೆ ಅವರು ಯಾವ ನಂಬರಿನದು ಅಂತ ಕೇಳುತ್ತಿದ್ದರು.

"ಇಲ್ಲ ಅಕ್ಕ. ಎಲೆ ಅಷ್ಟೇ ಬರ್ತಾ ಇದ್ದಿದ್ದು. ಬಿಡಲೇ ಇಲ್ಲ."

ಅಕ್ಕ ಉಸಿರು ಬಿಟ್ಟರು. ತಲೆಯಾಡಿಸಿದರು. "ಹಂಗಾರ ಅವರು ಅಂದದ್ದ ಖರೇ. ನನಗ ಇಷ್ಟ ವರ್ಷ ಒಂದ ಕೊರಗ ಇತ್ರಿ, ಎಲ್ಲೋ ಎಣಿಕಿಯೊಳಗ ತಪ್ಪಾಗೇದ ಅಂತ. ನಿಮ್ಮಂಥವರ ಮ್ಯಾಲೆ ಅನುಮಾನ ಪಟ್ಟೆ ನೋಡ್ರಿ. ತಪ್ಪ ನಂದ." ನನ್ನ ಕೆನ್ನೆ ಮುಟ್ಟಿದರು. ಅಷ್ಟರಲ್ಲಿ ಸೂಪರ್‌ವೈಸರ್ ಹುಡುಗಿ "ಮೇಡಂ, ಇಲ್ಲಿ ಕಸ್ಟಮರ್ಸ್" ಅಂದಳು. ಅಕ್ಕ ಹೋದರು.

ಆಮೇಲೆ ಎರಡು ಸಲ ಆ ಅಂಗಡಿಗೆ ಹೋಗಿದ್ದೆ. ಆ ಟೀಶರ್ಟಿನಲ್ಲಿ ಬೇರೆ ಯಾರೋ ಇದ್ದರು. ಈಗ ಎಲ್ಲಿದ್ದಾರೋ... ಇದ್ದಾರೋ. ಅವರ ಊರಿನ ವಿಳಾಸ ನನ್ನ ಹತ್ತಿರ ಇತ್ತು, ಚಟ್ನಿಪುಡಿ ಡಬ್ಬಿಗೆ ಸುತ್ತಿದ್ದ ಕಾಗದದ ಮೇಲೆ. ಅದನ್ನು ನಾನು ಜೋಪಾನ ಮಾಡಲಿಲ್ಲ.

ಮಧ್ಯಾಹ್ನ ಇವತ್ತಿನ ಹೂ ದೇವರಿಗೆ ಹಾಕುವಾಗ ಅತ್ತೆ ಒಳಗಿನಿಂದಲೇ "ಇದು ನಮ್ ತಾರಸಿ ಮಲ್ಲಿಗೆ ವಾಸನೆ ಕಣೇ" ಅಂದರು. ಎಪ್ಪತ್ತೆಂಟು ವರ್ಷ, ಮೂಗು ಇನ್ನೂ ಹಾಗೇ ಇದೆ. ಒಂದು ಮೊಳದಲ್ಲಿ ಎಂಬತ್ತನಾಲ್ಕು ಹೂವಿದ್ದವು. ಗೀಸರಿನವನು ಬರಲೇ ಇಲ್ಲ. ಸಂಜೆ ಅವರೆಕಾಳು ಹಿತುಕಿದೆ.

ರಾತ್ರಿ ಊಟಕ್ಕೆ ಹಿತುಕಿದ ಬೇಳೆ ಸಾರು, ಮುದ್ದೆ, ಅನ್ನ, ಮಜ್ಜಿಗೆ. ಎಲ್ಲರಿಗೂ ಸಮನಾಗಿ ಬಡಿಸಿದೆ. ಅತ್ತೆ ಮೊದಲು ಮಲಗಿದರು, ದೇವರ ಮೇಲಿಂದ ತೆಗೆದ ನಾಲ್ಕು ಹೂ ದಿಂಬಿನ ಪಕ್ಕ ಇಟ್ಟುಕೊಂಡು, ಮಲಗಿದ ತಕ್ಷಣ ನಿದ್ದೆ. ಆಮೇಲೆ ಮಗಳು, ಆಮೇಲೆ ಮನೆಯವರು.